ಬೇಡದವರು ಬಳಸದಿದ್ದರೆ ಸಾಕಲ್ವಾ? ಭಾಷೆಗೆ ಹೊಸ ಫೀಚರ್ ಸೇರಿಸುವಾಗ ಅಷ್ಟೊಂದು ಜಗಳ ಯಾಕೆ

ಪ್ರಶ್ನೆ: ನಾನು ಎರಡು ವರ್ಷದಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೇನೆ. ಹೋದ ತಿಂಗಳು ಒಂದು ಕಡೆ ವಾಲ್ರಸ್ ಚಿಹ್ನೆ, ಅಂದರೆ := ಬಳಸಿದೆ. ರಿವ್ಯೂ ಮಾಡಿದ ಸೀನಿಯರ್ ಒಬ್ಬರು "ಇದು ನಮ್ಮ ಕೋಡಿನಲ್ಲಿ ಬೇಡ" ಅಂದರು. ಇನ್ನೊಬ್ಬರು ನನ್ನ ಪರ ನಿಂತರು. ಎರಡು ದಿನ ಟೀಮಿನಲ್ಲಿ ಅದೇ ಮಾತು, ಕೊನೆಗೆ ಮನಸ್ತಾಪವೇ ಆಯಿತು. ಇದೇ ಚಿಹ್ನೆಯ ಜಗಳದಲ್ಲಿ ಪೈಥಾನ್ ಕಟ್ಟಿದವರೇ ತಮ್ಮ ಸ್ಥಾನ ಬಿಟ್ಟರು ಅಂತ ಆಮೇಲೆ ಗೊತ್ತಾಯಿತು. ಅದು ನಿಜವಾ ಸರ್? ಎರಡು ಚುಕ್ಕೆ, ಎರಡು ಗೆರೆಗೆ ಇಷ್ಟೊಂದು ಸಿಟ್ಟು ಯಾಕೆ? ಬೇಕಾದವರು ಬಳಸಲಿ, ಬೇಡದವರು ಬಿಡಲಿ. ಅಷ್ಟು ಸಾಕಲ್ವಾ?

ಉತ್ತರ: ನಿಜ. 2018ರ ಜುಲೈ 12ರಂದು ಪೈಥಾನ್ ಕಟ್ಟಿದ ಗೀಡೋ ವಾನ್ ರೋಸಮ್ ತಮ್ಮ ಸಂಗಡಿಗರಿಗೆ ಒಂದು ಪತ್ರ ಬರೆದರು. ಪೆಪ್ 572 (ವಾಲ್ರಸ್ ಸೇರಿಸುವ ಪ್ರಸ್ತಾವ) ಮುಗಿಯಿತು, ಇನ್ನೆಂದೂ ಒಂದು ಪ್ರಸ್ತಾವಕ್ಕಾಗಿ ಇಷ್ಟು ಹೊಡೆದಾಡಿ, ಆಮೇಲೂ ಇಷ್ಟೊಂದು ಜನ ನನ್ನ ತೀರ್ಮಾನವನ್ನು ದ್ವೇಷಿಸುವುದನ್ನು ನೋಡುವುದು ನನಗೆ ಬೇಡ ಎಂಬುದು ಅದರ ಮೊದಲ ಮಾತಿನ ಅರ್ಥ. ವಯಸ್ಸು, ಆರೋಗ್ಯದ ಮಾತೂ ಅದರಲ್ಲಿತ್ತು. ಪೈಥಾನ್ 1991ರಲ್ಲಿ ಹೊರಗೆ ಬಂದಾಗಿನಿಂದ ಯಾವ ಫೀಚರ್ ಬೇಕು, ಯಾವುದು ಬೇಡ ಅನ್ನುವುದರಲ್ಲಿ ಕೊನೆಯ ಮಾತು ಅವರದೇ ಆಗಿತ್ತು. ಪೈಥಾನ್ ಮಂದಿ ಅವರನ್ನು 'ಜೀವನಪೂರ್ತಿಯ ದಯಾಳು ಸರ್ವಾಧಿಕಾರಿ' ಎಂದು ಕರೆಯುತ್ತಿದ್ದರು. ಅಂಥವರು ಉತ್ತರಾಧಿಕಾರಿಯನ್ನೂ ಹೆಸರಿಸದೆ, ಮುಂದಿನದನ್ನು ನೀವೇ ನೋಡಿಕೊಳ್ಳಿ ಎಂದು ಎದ್ದುಬಿಟ್ಟರು. ಪೆಪ್ ಅಂದರೆ ಪೈಥಾನಿಗೆ ಏನಾದರೂ ಸೇರಿಸಬೇಕಾದಾಗ ಬರೆಯುವ ಪ್ರಸ್ತಾವದ ಕಡತ. 572 ಅನ್ನುವುದು ನಿಮ್ಮ ವಾಲ್ರಸ್‌ನ ನಂಬರು.

ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಬೇಡದವರು ಬಳಸದಿದ್ದರೆ ಸಾಕಲ್ವಾ? ಸಾಕಾಗುವುದಿಲ್ಲ. ಯಾಕೆ ಅಂತ ಹೇಳುವ ಮೊದಲು ಆ ಚಿಹ್ನೆಯನ್ನೇ ಹತ್ತಿರದಿಂದ ನೋಡೋಣ.

ಒಂದು ಕಡತವನ್ನು ಸಾಲು ಸಾಲಾಗಿ ಓದಬೇಕು ಅಂದುಕೊಳ್ಳಿ. ಹಳೆಯ ಕ್ರಮದಲ್ಲಿ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ, ಶುರುವಾಗುವ ಮುಂಚೆ ಒಮ್ಮೆ ಹೀಗೆ ಬರೆಯುತ್ತೇವೆ:

ಸಾಲು = ಕಡತ.ಓದು()

ಆಮೇಲೆ ಲೂಪ್. ಲೂಪಿನ ಒಳಗೆ ಕೆಲಸ ಮುಗಿದ ಮೇಲೆ, ಕೊನೆಯಲ್ಲಿ, ಅದೇ ಸಾಲನ್ನು ಇನ್ನೊಮ್ಮೆ ಬರೆಯುತ್ತೇವೆ. ಒಂದೇ ಮಾತು ಎರಡು ಕಡೆ. ಆರು ತಿಂಗಳು ಬಿಟ್ಟು ಯಾರೋ ಬಂದು ಮೇಲಿನದನ್ನು ಬದಲಾಯಿಸುತ್ತಾರೆ, ಕೆಳಗಿನದು ಹಾಗೇ ಉಳಿಯುತ್ತದೆ. ಇಂಥ ಬಗ್‌ಗಳನ್ನು ನಾನೇ ಎಷ್ಟೋ ಸಲ ಹುಡುಕಿ ತೆಗೆದಿದ್ದೇನೆ. ವಾಲ್ರಸ್ ಇದ್ದರೆ ಲೂಪಿನ ಶರತ್ತಿನಲ್ಲೇ ಹೀಗೆ ಹಾಕಿದರೆ ಮುಗಿಯಿತು:

(ಸಾಲು := ಕಡತ.ಓದು())

ಓದು, ಹೆಸರಿಡು, ಏನಾದರೂ ಸಿಕ್ಕಿತಾ ನೋಡು. ಮೂರೂ ಒಂದೇ ಕಡೆ. ಇದರಲ್ಲಿ ಜಗಳ ಆಡುವಂಥದ್ದು ಏನಿದೆ ಅನ್ನಿಸುತ್ತದೆ ಅಲ್ವಾ?

ಈಗ ಆ ಕಡೆಯವರ ಮಾತು ಕೇಳಿ. ಪೈಥಾನಿನಲ್ಲಿ ಒಂದು ಹೆಸರಿಗೆ ಬೆಲೆ (ಅದು ಹಿಡಿದಿಡುವ ಅಂಕಿಯೋ ಪದವೋ) ಕೊಡುವ ಕೆಲಸ ಮೊದಲಿನಿಂದಲೂ ಹೆಚ್ಚುಕಡಿಮೆ ತನ್ನದೇ ಸಾಲಿನಲ್ಲಿ ನಿಲ್ಲುತ್ತಿತ್ತು. ಬೇರೆ ಲೆಕ್ಕದ ಹೊಟ್ಟೆಯೊಳಗೆ ಅದನ್ನು ಹುದುಗಿಸಲು ಬರುತ್ತಿರಲಿಲ್ಲ. ಇದು ಬೇಕಂತಲೇ ಮಾಡಿದ್ದು. ಸಿ ಭಾಷೆಯಲ್ಲಿ ಎರಡು ಸಮ ಚಿಹ್ನೆ ಹಾಕಬೇಕಾದ ಜಾಗದಲ್ಲಿ ಒಂದೇ ಹಾಕಿದರೆ, ಹೋಲಿಸಿ ನೋಡುವ ಬದಲು ಬೆಲೆಯೇ ಬದಲಾಗಿಬಿಡುತ್ತದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ತಪ್ಪು ಅನ್ನುವುದಿಲ್ಲ. ಆ ಒಂದು ತಪ್ಪಿನಿಂದ ಸಿ ಬರೆಯುವವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಪೈಥಾನ್ ಆ ಬಾಗಿಲನ್ನೇ ಮುಚ್ಚಿಟ್ಟಿತ್ತು. ಅದರಿಂದ ಓದುವವರಿಗೆ ಇನ್ನೊಂದು ಅನುಕೂಲವೂ ಸಿಕ್ಕಿತ್ತು. 'ಮೊತ್ತ' ಅನ್ನುವ ಹೆಸರಿಗೆ ಈ ಬೆಲೆ ಎಲ್ಲಿಂದ ಬಂತು ಅಂತ ಹುಡುಕುವಾಗ ಎಡಗಡೆಯ ಅಂಚಿನಲ್ಲಿ ಕಣ್ಣು ಇಳಿಸುತ್ತಾ ಹೋದರೆ ಬಹುಮಟ್ಟಿಗೆ ಸಿಕ್ಕಿಬಿಡುತ್ತಿತ್ತು. ವಾಲ್ರಸ್ ಬಂದ ಮೇಲೆ ಆ ಭರವಸೆ ಇಲ್ಲ. ಒಂದು ಉದ್ದನೆಯ ಶರತ್ತಿನ ನಡುವೆ, ಎರಡು ಬ್ರಾಕೆಟ್ ಒಳಗೆ, ಅದು ಕೂತಿರಬಹುದು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೀವು ವಾಲ್ರಸ್ ಬಳಸದಿರಬಹುದು. ಆದರೆ ಪಕ್ಕದ ಸೀಟಿನವರು ಬಳಸುತ್ತಾರೆ. ನೀವು ಇನ್‌ಸ್ಟಾಲ್ ಮಾಡಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸುತ್ತದೆ. ಕೆಲಸ ಬಿಟ್ಟು ಹೋದವರು ಬರೆದಿಟ್ಟ ಕೋಡಿನಲ್ಲಿ ಅದು ಇರುತ್ತದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ನೀವು ಓದಬೇಕಾದದ್ದು ನಿಮ್ಮ ಕೋಡನ್ನಲ್ಲ, ಅವರ ಕೋಡನ್ನು. ನಾವೆಲ್ಲ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಹಾಗಾಗಿ ಒಂದು ಫೀಚರ್ ಭಾಷೆಯೊಳಗೆ ಬಂದರೆ ಅದರ ಖರ್ಚು ಎಲ್ಲರ ತಲೆಯ ಮೇಲೂ ಬೀಳುತ್ತದೆ. ಅದರಿಂದ ಲಾಭ ಆಗುವುದು ಬರೆಯುವವರಲ್ಲಿ ಕೆಲವರಿಗೆ. ಕಲಿಸುವವರು ಪಾಠ ಬದಲಿಸಬೇಕು. ಪುಸ್ತಕ ಬರೆದವರು ಇನ್ನೊಂದು ಅಧ್ಯಾಯ ಸೇರಿಸಬೇಕು. ಎಡಿಟರ್, ಕೋಡಿನ ತಪ್ಪು ತೋರಿಸುವ ಲಿಂಟರ್, ಅದನ್ನು ಒಪ್ಪವಾಗಿ ಜೋಡಿಸುವ ಫಾರ್ಮ್ಯಾಟರ್ ಬರೆದವರು, ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ ಬಿಡುವಿನ ಹೊತ್ತಿನಲ್ಲಿ ದುಡಿಯುವವರು, ತಮ್ಮ ಟೂಲ್‌ಗಳನ್ನು ತಿದ್ದಬೇಕು.

ಇನ್ನೂ ದೊಡ್ಡ ಮಾತೊಂದಿದೆ. ಒಮ್ಮೆ ಸೇರಿಸಿದ್ದನ್ನು ತೆಗೆಯಲು ಆಗುವುದಿಲ್ಲ. ಆ್ಯಪ್‌ನಲ್ಲಿ ಒಂದು ಬಟನ್ ಇಷ್ಟವಾಗದಿದ್ದರೆ ಮುಂದಿನ ವಾರ ತೆಗೆದುಬಿಡಬಹುದು. ಭಾಷೆಯಲ್ಲಿ ಹಾಗಲ್ಲ, ಅದನ್ನು ನಂಬಿ ಲಕ್ಷಾಂತರ ಜನರ ಕೋಡ್ ನಿಂತಿರುತ್ತದೆ. ಪೈಥಾನ್ ಮಂದಿಗೆ ಇದು ಅನುಭವದಿಂದ ಗೊತ್ತಿತ್ತು. ಹಳೆಯ ಕೆಲವು ತಪ್ಪುಗಳನ್ನು ಸರಿಮಾಡಲು 2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ತಂದರು. ಅದು ಹಳೆಯ ಕೋಡನ್ನು ಹಾಗೇ ಓಡಿಸುತ್ತಿರಲಿಲ್ಲ. ಪ್ರಿಂಟ್‌ಗೆ ಬ್ರಾಕೆಟ್ ಹಾಕುವುದರಿಂದ ಹಿಡಿದು ಅಕ್ಷರಗಳನ್ನು ಇಟ್ಟುಕೊಳ್ಳುವ ರೀತಿಯವರೆಗೆ ಬದಲಾವಣೆ. ಪೈಥಾನ್ 2ಕ್ಕೆ ಅಧಿಕೃತವಾಗಿ ವಿದಾಯ ಹೇಳಿದ್ದು 2020ರ ಜನವರಿ 1ಕ್ಕೆ. ನಡುವೆ ಹನ್ನೊಂದು ವರ್ಷ. ಆ ವರ್ಷಗಳಲ್ಲಿ ಕೋಡ್ ದಾಟಿಸಿದವರನ್ನು ಕೇಳಿ ನೋಡಿ, ಹೊಸ ಚಿಹ್ನೆ ಅಂದಾಗ ಅವರ ಹುಬ್ಬು ಯಾಕೆ ಮೇಲೇರುತ್ತದೆ ಅಂತ ತಿಳಿಯುತ್ತದೆ.

ಇಷ್ಟು ಕೇಳಿದ ಮೇಲೆ "ಹಾಗಾದರೆ ಏನೂ ಸೇರಿಸದಿರುವುದೇ ವಾಸಿ" ಅನ್ನಿಸಬಹುದು. ಅದೂ ಸರಿಯಲ್ಲ. ಸೇರಿಸದಿದ್ದರೆ ಜನ ಸುಮ್ನೆ ಕೂರುವುದಿಲ್ಲ, ಅಡ್ಡದಾರಿ ಹುಡುಕಿಕೊಳ್ಳುತ್ತಾರೆ. 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎಂದು ಒಂದೇ ಸಾಲಿನಲ್ಲಿ ಆರಿಸುವ ಅನುಕೂಲ ಪೈಥಾನಿನಲ್ಲಿ ಬಹಳ ವರ್ಷ ಇರಲಿಲ್ಲ. ಜನ 'ಆ್ಯಂಡ್', 'ಆರ್' ಎರಡನ್ನೂ ಪೋಣಿಸಿ ಅದೇ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ನೋಡಲು ಸರಿ ಇರುತ್ತಿತ್ತು. ಆದರೆ ಮೊದಲ ಆಯ್ಕೆಯ ಬೆಲೆ ಸೊನ್ನೆ ಅಥವಾ ಖಾಲಿ ಇದ್ದರೆ ಸದ್ದಿಲ್ಲದೆ ಎರಡನೆಯದು ಬರುತ್ತಿತ್ತು. 2003ರಲ್ಲಿ ಈ ಬಗ್ಗೆ ಮತವನ್ನೇ ಹಾಕಿಸಿದರು. ಯಾವುದೊಂದು ರೂಪಕ್ಕೂ ಒಮ್ಮತ ಸಿಗಲಿಲ್ಲ. ತಪ್ಪುಗಳು ಮುಂದುವರಿದವು. ಕೊನೆಗೆ ಗೀಡೋ ತಾವೇ ಒಂದು ರೂಪ ಆರಿಸಿದರು, 2006ರಲ್ಲಿ ಪೈಥಾನ್ 2.5ರಲ್ಲಿ ಅದು ಬಂತು. ಇವತ್ತು ಅದನ್ನು ನೀವು ಯೋಚಿಸದೇ ಬಳಸುತ್ತೀರಿ.

ವಾಲ್ರಸ್ ವಿಷಯದಲ್ಲೂ ಗೀಡೋ ಹೀಗೇ ಜನ ನಿಜವಾಗಿ ಏನು ಮಾಡುತ್ತಾರೆ ಅಂತ ನೋಡಿದರು. ಆಗ ಅವರು ಡ್ರಾಪ್‌ಬಾಕ್ಸ್ ಕಂಪನಿಯಲ್ಲಿದ್ದರು. ಅಲ್ಲಿನ ಕೋಡ್ ಹುಡುಕಿದಾಗ ಒಂದು ಸಂಗತಿ ಸಿಕ್ಕಿತು. ಒಂದು ಸಾಲು ಉಳಿಸುವುದಕ್ಕಾಗಿ ಪ್ರೋಗ್ರಾಮರ್‌ಗಳು ಒಂದೇ ಲೆಕ್ಕವನ್ನು ಎರಡೆರಡು ಸಲ ಬರೆಯುತ್ತಿದ್ದರು. ಪ್ರೋಗ್ರಾಮ್ ನಿಧಾನವಾದರೂ ಸರಿ, ಸಾಲು ಕಡಿಮೆ ಆಗಬೇಕು. ಇದು ಒಳ್ಳೆಯ ಅಭ್ಯಾಸವೋ ಕೆಟ್ಟದ್ದೋ ಅನ್ನುವುದು ಬೇರೆ ಮಾತು. ಜನ ಹೀಗೆ ಮಾಡುತ್ತಿದ್ದಾರೆ ಅನ್ನುವುದು ಕಣ್ಣೆದುರಿಗೆ ಇತ್ತು.

ಈ ಪ್ರಸ್ತಾವ ಶುರು ಮಾಡಿದವರು ಕ್ರಿಸ್ ಏಂಜೆಲಿಕೊ. ಆಮೇಲೆ ಟಿಮ್ ಪೀಟರ್ಸ್ ಮತ್ತು ಗೀಡೋ ಅದರ ಸಹ ಲೇಖಕರಾದರು. ಟಿಮ್ ಪೀಟರ್ಸ್ ಯಾರು ಗೊತ್ತಾ? 'ಒಂದು ಕೆಲಸಕ್ಕೆ ಒಂದೇ ಸ್ಪಷ್ಟ ದಾರಿ ಇದ್ದರೆ ಚೆಂದ' ಎಂಬ ಪೈಥಾನಿನ ನೀತಿ ಬರೆದವರು ಅವರೇ. ವಾಲ್ರಸ್ ವಿರೋಧಿಸಿದ ಎಷ್ಟೋ ಜನ ಅವರದೇ ಮಾತನ್ನು ಎತ್ತಿ ಹೇಳುತ್ತಿದ್ದರು. ಅವರು ಮಾಡಿದ್ದು ನನಗೆ ಬಹಳ ಹಿಡಿಸಿದ ಕೆಲಸ. ವಾದಕ್ಕೆ ಇಳಿಯದೆ ತಾವು ಬರೆದ ಹಳೆಯ ಕೋಡನ್ನು ತೆರೆದು ಕೂತರು. ಎಲ್ಲೆಲ್ಲಿ ಈ ಚಿಹ್ನೆ ಹಾಕಿದರೆ ಓದಲು ಸುಲಭವಾಗುತ್ತದೆ, ಎಲ್ಲೆಲ್ಲಿ ಕೆಡುತ್ತದೆ ಎಂದು ಒಂದೊಂದಾಗಿ ನೋಡಿದರು. ಬಹುತೇಕ ಕಡೆ ಹಾಕುವುದಿಲ್ಲ, ಆದರೆ ಹೆಸರಿಡುವ ಸಾಲುಗಳೇ ಅಷ್ಟೊಂದು ಇರುವುದರಿಂದ ಹಾಕಬಹುದಾದ ಜಾಗಗಳೂ ಸಾಕಷ್ಟು ಉಳಿಯುತ್ತವೆ, ಅವುಗಳಲ್ಲಿ ಹೆಚ್ಚಿನ ಕಡೆ ಚಿಕ್ಕ ಲಾಭ, ಕೆಲವು ಕಡೆ ದೊಡ್ಡ ಲಾಭ ಎಂದು ಬರೆದಿಟ್ಟರು. ಆ ಟಿಪ್ಪಣಿ ಇವತ್ತಿಗೂ ಪೆಪ್ 572ರ ಕೊನೆಯಲ್ಲಿ ಅನುಬಂಧವಾಗಿ ಇದೆ. ವಾಲ್ರಸ್ ಪೈಥಾನ್ 3.8ರಲ್ಲಿ, 2019ರ ಅಕ್ಟೋಬರ್‌ನಲ್ಲಿ ಹೊರಗೆ ಬಂತು.

ಗೋ ಭಾಷೆಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬೇಡ ಅನ್ನುವುದೇ ರೂಢಿ. 2009ರ ನವೆಂಬರ್‌ನಲ್ಲಿ ಗೋ ಬಂದಾಗಿನಿಂದ ಜನ ಜೆನೆರಿಕ್ಸ್ ಕೇಳುತ್ತಿದ್ದರು. ಜೆನೆರಿಕ್ಸ್ ಅಂದರೆ, ಎರಡರಲ್ಲಿ ದೊಡ್ಡದನ್ನು ಹುಡುಕುವ ಫಂಕ್ಷನ್ನನ್ನು ಒಮ್ಮೆ ಬರೆದು ಪೂರ್ಣಾಂಕಕ್ಕೂ ದಶಮಾಂಶಕ್ಕೂ ಪದಕ್ಕೂ ಅದನ್ನೇ ಬಳಸುವ ಅನುಕೂಲ. ಅದಿಲ್ಲದೆ ಜನ ಒಂದೇ ಫಂಕ್ಷನ್ನನ್ನು ಮೂರು ಸಲ ನಕಲು ಮಾಡುತ್ತಿದ್ದರು. ಬೇಡ ಅನ್ನುವವರ ವಾದವೂ ಗಟ್ಟಿ ಇತ್ತು. ಹೊಸಬರು ಬರೆದ ಗೋ ಕೋಡನ್ನೂ ಹಳಬರು ಬರೆದದ್ದನ್ನೂ ಪಕ್ಕದಲ್ಲಿಟ್ಟರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಆ ಗುಣಕ್ಕಾಗಿಯೇ ನಾವು ಈ ಭಾಷೆಗೆ ಬಂದವರು, ಅದನ್ನು ಕೆಡಿಸಬೇಡಿ ಅನ್ನುತ್ತಿದ್ದರು. ಗೋ ತಂಡ ವಿನ್ಯಾಸದ ಮೇಲೆ ವಿನ್ಯಾಸ ಬರೆದು ಬಿಸಾಡಿತು. ಯಾವ ಬ್ರಾಕೆಟ್ ಹಾಕಬೇಕು ಅನ್ನುವುದಕ್ಕೂ ತಲೆ ಕೆಡಿಸಿಕೊಂಡರು. ಜಾವಾ ಭಾಷೆಯವರಂತೆ ಚೂಪು ಬ್ರಾಕೆಟ್ ಯಾಕೆ ಬೇಡ ಅಂದರೆ, ಈ ಸಾಲು ನೋಡಿ:

ಅ, ಬ = ವ < ಕ, ಯ > (ಚ)

ಇದು 'ವ ಕಕ್ಕಿಂತ ಚಿಕ್ಕದಾ, ಯ ಚಗಿಂತ ದೊಡ್ಡದಾ' ಎಂಬ ಎರಡು ಹೋಲಿಕೆಯೂ ಆಗಬಹುದು, ಅಥವಾ ಕ, ಯ ಎಂಬ ಎರಡು ಟೈಪ್ (ಪೂರ್ಣಾಂಕ, ಪದ ಮುಂತಾದ ಬಗೆ) ಕೊಟ್ಟು ವ ಎಂಬ ಫಂಕ್ಷನ್ ಕರೆದದ್ದೂ ಆಗಬಹುದು. ಟೈಪ್‌ಗಳು ಗೊತ್ತಿಲ್ಲದೆ, ಕೋಡನ್ನು ಬಿಡಿಸಿ ಓದುವ ಪಾರ್ಸರ್‌ಗೆ ಹೇಳಲು ಆಗುವುದಿಲ್ಲ. ಮೊದಲು ಗುಂಡು ಬ್ರಾಕೆಟ್ ಹಾಕಿ ನೋಡಿದರು. ಅದರಲ್ಲೂ ತೊಡಕು. ಕೊನೆಗೆ ಚೌಕ ಬ್ರಾಕೆಟ್ ನಿಂತಿತು. ಗೋ 1.18ರಲ್ಲಿ, 2022ರ ಮಾರ್ಚ್‌ನಲ್ಲಿ ಜೆನೆರಿಕ್ಸ್ ಬಂತು. ಹನ್ನೆರಡು ವರ್ಷಕ್ಕೂ ಜಾಸ್ತಿ ಕಾದದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಮೊದಲ ವಿನ್ಯಾಸವನ್ನೇ ಒಪ್ಪಿಬಿಟ್ಟಿದ್ದರೆ ಇವತ್ತು ಅದರ ಜೊತೆಗೇ ಬಾಳಬೇಕಿತ್ತು.

ಅದೇ ಗೋದಲ್ಲಿ ಇನ್ನೊಂದು ಜಗಳ ಇನ್ನೂ ಆರಿಲ್ಲ. ಪ್ರತಿ ಹೆಜ್ಜೆಗೂ 'ಎರರ್ ಬಂತಾ, ಬಂದಿದ್ದರೆ ವಾಪಸ್ ಕಳಿಸು' ಎಂದು ಮೂರು ಸಾಲು ಬರೆಯಬೇಕು. ಅದನ್ನು ಚಿಕ್ಕದು ಮಾಡಲು ಗೋ ತಂಡವೇ ಬೇರೆ ಬೇರೆ ಪ್ರಸ್ತಾವ ತಂದಿತು. 2019ರ ಜೂನ್‌ನಲ್ಲಿ ತಂದ 'ಟ್ರೈ' ಪ್ರಸ್ತಾವ ನೋಡಲು ಮಾಮೂಲಿ ಫಂಕ್ಷನ್ ಕರೆದಂತೆ ಇತ್ತು, ಆದರೆ ಎರರ್ ಬಂದರೆ ಅಲ್ಲಿಂದಲೇ ಇಡೀ ಫಂಕ್ಷನ್‌ನಿಂದ ಹೊರಗೆ ಹಾರಿಬಿಡುತ್ತಿತ್ತು. ಹೊರಗೆ ಹೋಗುವ ದಾರಿ ಕಣ್ಣಿಗೆ ಕಾಣಬೇಕು ಎಂದು ಜನ ಗಲಾಟೆ ಎಬ್ಬಿಸಿದರು. ಜುಲೈನಲ್ಲೇ ವಾಪಸ್ ತೆಗೆದುಕೊಂಡರು. 2025ರ ಜೂನ್‌ನಲ್ಲಿ ಗೋ ತಂಡ ಈ ಬಗ್ಗೆ ಸದ್ಯಕ್ಕೆ ಹೊಸ ಸಿಂಟ್ಯಾಕ್ಸ್, ಅಂದರೆ ಹೊಸ ಬರಹದ ರೂಪ, ತರುವ ಪ್ರಯತ್ನವನ್ನೇ ನಿಲ್ಲಿಸುತ್ತೇವೆ ಎಂದು ಹೇಳಿತು. ಯಾವ ರೂಪಕ್ಕೂ ಒಮ್ಮತ ಇಲ್ಲ, ಒಂದನ್ನು ಹೇರಿದರೆ ಇವತ್ತು ಸಮಾಧಾನವಾಗಿ ಇರುವವರು ನಾಳೆ ಬೇಸರಪಡುತ್ತಾರೆ ಎಂಬುದು ಕಾರಣ. ಬೇಡ ಎಂದು ಇಷ್ಟು ಬಿಡಿಸಿ, ಇಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ವೆಬ್ ಪುಟಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯವರ ಕಷ್ಟ ಬೇರೆಯದು. 2018ರಲ್ಲಿ ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದೇ ಪಟ್ಟಿ ಮಾಡುವ ಸೌಲಭ್ಯಕ್ಕೆ 'ಫ್ಲಾಟನ್' ಎಂದು ಹೆಸರಿಡಲು ಹೊರಟರು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮುಂಚೆಯೇ ಬಳಸಿತ್ತು. ಫೈರ್‌ಫಾಕ್ಸ್‌ನಲ್ಲಿ ಪರೀಕ್ಷೆಗೆ ಬಿಟ್ಟಾಗ ಆ ಲೈಬ್ರರಿ ಮೇಲೆ ನಿಂತ ಸೈಟ್ ಕೆಟ್ಟುಹೋಯಿತು. ಹಳೆಯ ಸೈಟುಗಳು ಕೆಟ್ಟರೆ ಕೆಡಲಿ ಅನ್ನುವವರು ಒಂದು ಕಡೆ, ಯಾರೂ ನೋಡಿಕೊಳ್ಳದ ಹಳೆಯ ಪುಟವೂ ಜನರಿಗೆ ತೆರೆಯಬೇಕು ಅನ್ನುವವರು ಇನ್ನೊಂದು ಕಡೆ. ಕೊನೆಗೆ ಹೆಸರನ್ನು 'ಫ್ಲಾಟ್' ಎಂದು ಬದಲಿಸಿದರು. ಅದೇ ಸರಿಯಾದ ತೀರ್ಮಾನ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಮೇಲೆ 'ಸಾಲು', 'ಕಡತ', 'ಓದು' ಅಂತ ಕನ್ನಡದಲ್ಲೇ ಬರೆದೆ ನೋಡಿ. ವಿವರಿಸಲು ಸುಮ್ನೆ ಬರೆದದ್ದಲ್ಲ. ಪೈಥಾನ್ 3ರಲ್ಲಿ ಅವು ನಿಜಕ್ಕೂ ನಡೆಯುವ ಹೆಸರುಗಳು. ಈ ಅನುಕೂಲ ಪೆಪ್ 3131 ಎಂಬ ಪ್ರಸ್ತಾವದಿಂದ ಬಂತು. 2007ರಲ್ಲಿ ಅದಕ್ಕೂ ಜೋರು ವಿರೋಧ ಇತ್ತು. ಎಲ್ಲರೂ ಓದಲಾಗದ ಲಿಪಿಯಲ್ಲಿ ಹೆಸರಿಟ್ಟರೆ ಕೋಡ್ ಹಂಚಿಕೊಳ್ಳುವುದು ಹೇಗೆ? ಬೇರೆ ಬೇರೆ ಲಿಪಿಯ ಒಂದೇ ಥರ ಕಾಣುವ ಅಕ್ಷರಗಳಿಂದ ಮೋಸ ಆಗುವುದಿಲ್ಲವಾ? ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಇದು ಬೇಡದ ಫೀಚರ್. ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸಲು ಕೂತವರಿಗೆ ಇದು ಬಾಗಿಲು ತೆರೆದಂತೆ.

ವಿರೋಧಿಸಿದವರ ಭಯ ಸುಳ್ಳು ಅಂತ ನಾನು ಹೇಳಲಾರೆ. ಒಮ್ಮೆ ಪಾಠ ಮಾಡುವಾಗ ಒಬ್ಬ ಹುಡುಗಿಯ ಪ್ರೋಗ್ರಾಮ್ ಓಡಲೇ ಇಲ್ಲ. 'ಅಂಕ' ಎಂಬ ಹೆಸರೇ ಇಲ್ಲ ಎಂದು ಪೈಥಾನ್ ಹೇಳುತ್ತಿತ್ತು. ಮೇಲಿನ ಸಾಲಿನಲ್ಲೇ ಅದು ಎದ್ದು ಕಾಣುತ್ತಿತ್ತು. ಇಬ್ಬರೂ ಅರ್ಧ ಗಂಟೆ ಪರದೆ ನೋಡಿದೆವು. ಆಮೇಲೆ ಹೊಳೆಯಿತು. ಮೇಲೆ ಅವಳು ಬರೆದದ್ದು 'ಅ೦ಕ'. ನಡುವೆ ಇದ್ದದ್ದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಪೈಥಾನಿಗೆ ಎರಡು ಬೇರೆ ಹೆಸರು. ಎರಡನ್ನೂ ಅದು ಒಪ್ಪುತ್ತದೆ. ಅದೇ ಮಕ್ಕಳಲ್ಲಿ ಇನ್ನೊಬ್ಬ 'ಬಸ್‌ದರ' ಎಂದು ಹೆಸರಿಟ್ಟ. ಅದು 'ಬಸ್ದರ' ಆಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕಾಗುತ್ತದೆ, ಕನ್ನಡ ಟೈಪ್ ಮಾಡುವವರಿಗೆ ಇದು ಗೊತ್ತಿರುತ್ತದೆ. ಪೈಥಾನ್ ಅದನ್ನು ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್ 2009ರ ನಿಯಮಗಳಿಂದಲೇ ಒಪ್ಪುತ್ತದೆ.

ಗೋದಲ್ಲಿ ಇನ್ನೂ ಕಷ್ಟ. ಅಲ್ಲಿ ಹೆಸರಿನಲ್ಲಿ ಅಕ್ಷರ, ಅಂಕಿ, ಕೆಳಗೆರೆ ಮಾತ್ರ ಇರಬಹುದು. ನಮ್ಮ ಕಾಗುಣಿತದ ಗುರುತುಗಳು, ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಗುರುತು, ಇವನ್ನು ಅದು ಅಕ್ಷರ ಎಂದು ಎಣಿಸುವುದಿಲ್ಲ. ಹಾಗಾಗಿ 'ಮನ' ನಡೆಯುತ್ತದೆ, 'ಮೊತ್ತ' ನಡೆಯುವುದಿಲ್ಲ. 'ಹಣ' ಸರಿ, 'ಬೆಲೆ' ತಪ್ಪು. ಇಷ್ಟಲ್ಲದೆ, ಬೇರೆ ಪ್ಯಾಕೇಜಿನವರು ಬಳಸುವಂತೆ ಒಂದು ಹೆಸರನ್ನು ಹೊರಗೆ ಬಿಡಬೇಕಾದರೆ ಗೋದಲ್ಲಿ ಅದು ದೊಡ್ಡಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಭಾರತದ ಲಿಪಿಗಳಿಗೆ ಇದರಿಂದ ತೊಂದರೆ ಆಗುತ್ತದೆ ಎಂದು ಗೋ ತಂಡಕ್ಕೂ ಗೊತ್ತು. ನಿಯಮ ಸಡಿಲಿಸಿದರೆ ಒಂದೇ ಥರ ಕಾಣುವ ಹೆಸರುಗಳ ಗೊಂದಲ ಬರುತ್ತದೆ ಎಂದು ಕೈಕಟ್ಟಿ ಕೂತಿದ್ದಾರೆ. ಅರ್ಧ ಗಂಟೆ 'ಅಂಕ' ಹುಡುಕಿದ ನನಗೆ ಅವರ ಹೆದರಿಕೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಆ ಹುಡುಗಿಯ ಕಡೆಗೇ. ತನ್ನ ಭಾಷೆಯಲ್ಲಿ ಮೊದಲ ಪ್ರೋಗ್ರಾಮ್ ಬರೆದಾಗ ಅವಳ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಯಾರೋ ಸಂಬಂಧವಿಲ್ಲದ ಹುಚ್ಚರು ಹೀಗೆ ಜಗಳ ಆಡುತ್ತಾರೆ ಅಂತ ಅನ್ನಿಸಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಒಂದೊಂದು ಪ್ರಸ್ತಾವದ ಹಿಂದೆಯೂ ಎಲ್ಲೋ ಹೀಗೆ ಕೂತ ಒಬ್ಬರು ಇರುತ್ತಾರೆ.

ಇನ್ನು ಸಿಟ್ಟಿನ ಮಾತು. ಹ್ಯಾಸ್ಕೆಲ್ ಎಂಬ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಫಿಲಿಪ್ ವಾಡ್ಲರ್ ಹೆಸರಿನಲ್ಲಿ ಒಂದು ನಿಯಮವೇ ಇದೆ. ಒಂದು ಫೀಚರ್‌ನ ಅರ್ಥದ ಬಗ್ಗೆ ಆಗುವ ಚರ್ಚೆ ಚಿಕ್ಕದು, ಅದರ ಬರಹದ ರೂಪದ ಬಗ್ಗೆ ಆಗುವುದು ಅದರ ಎರಡು ಪಟ್ಟು, ಚಿಹ್ನೆಗಳ ಬಗ್ಗೆ ಅದರ ಎರಡು ಪಟ್ಟು, ಕಾಮೆಂಟ್ ಬರೆಯುವ ಬಗೆಯ ಬಗ್ಗೆ ಇನ್ನೂ ಎರಡು ಪಟ್ಟು. ಕಾರಣ ಸರಳ. ಕಂಪೈಲರ್ ಒಳಗೆ ಏನಾಗುತ್ತದೆ ಅಂತ ಮಾತಾಡಲು ಕೆಲವರಿಗೆ ಮಾತ್ರ ಬರುತ್ತದೆ. := ಚೆಂದವಾ ಅಲ್ವಾ ಅಂತ ಹೇಳಲು ಎಲ್ಲರಿಗೂ ಬರುತ್ತದೆ. ದಿನಕ್ಕೆ ಎಂಟು ಗಂಟೆ ಅದನ್ನೇ ನೋಡುತ್ತಾ ಕೂರುವವರಿಗೆ ಚೆಂದದ ಮಾತು ಚಿಕ್ಕದೂ ಅಲ್ಲ. ಅಡುಗೆಮನೆಯಲ್ಲಿ ಡಬ್ಬಿಗಳನ್ನು ಯಾರೋ ಬಂದು ಬೇರೆ ಥರ ಜೋಡಿಸಿಟ್ಟರೆ ಮನೆಯವರಿಗೆ ಹೇಗೆ ಆಗುತ್ತದೋ ಹಾಗೆ.

ಅದಕ್ಕೆ ಸಿಟ್ಟು ಬರುವುದು ಸಹಜ. ಸಿಟ್ಟನ್ನು ಮನುಷ್ಯರ ಮೇಲೆ ತೀರಿಸಿಕೊಳ್ಳುವುದು ಮಾತ್ರ ತಪ್ಪು. ಗೀಡೋ ಪತ್ರದಲ್ಲಿ ನನಗೆ ನೋವು ಕೊಡುವುದು ಇದೇ. ವಾಲ್ರಸ್ ಬೇಡ ಅಂದವರಲ್ಲಿ ಬಹಳ ಜನ ಒಳ್ಳೆಯ ಕಾರಣ ಕೊಟ್ಟವರು. ಆದರೆ ನೂರಾರು ಜನ ಒಬ್ಬನ ಕಡೆಗೇ ತಿರುಗಿ ಮಾತಾಡಿದಾಗ, ಪ್ರತಿ ಮಾತು ಮೆತ್ತಗಿದ್ದರೂ ಒಟ್ಟು ಭಾರ ತಡೆಯಲಾಗದಷ್ಟು ಆಗುತ್ತದೆ. ಮೂರು ದಶಕದ ಹತ್ತಿರ ಒಬ್ಬರೇ ಅದನ್ನು ಹೊತ್ತಿದ್ದರು.

ಅವರು ಎದ್ದ ಮೇಲೆ ಪೈಥಾನ್ ಬೀಳಲಿಲ್ಲ. ಹೇಗೆ ಆಡಳಿತ ನಡೆಸಬೇಕು ಎಂದು ಏಳು ಪ್ರಸ್ತಾವ ಬಂದವು. 2018ರ ಡಿಸೆಂಬರ್‌ನಲ್ಲಿ ಮತ ಹಾಕಿ ಪೆಪ್ 8016 ಆರಿಸಿದರು. ಐದು ಜನರ ಮಂಡಳಿ, ಚುನಾವಣೆಯಿಂದ ಬರುವವರು. ಒಂದೇ ಕಂಪನಿಯಿಂದ ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ. 2019ರ ಮೊದಲ ಮಂಡಳಿಗೆ ಗೀಡೋ ಕೂಡ ಐವರಲ್ಲಿ ಒಬ್ಬರಾಗಿ ಆಯ್ಕೆಯಾದರು. ಆಮೇಲೆ ಪ್ಯಾಟರ್ನ್ ಮ್ಯಾಚಿಂಗ್ (ಬೆಲೆಯ ಆಕಾರ ನೋಡಿ ಮುಂದಿನ ಹೆಜ್ಜೆ ಆರಿಸುವುದು) ಎಂಬ ವಾಲ್ರಸ್‌ಗಿಂತ ಎಷ್ಟೋ ದೊಡ್ಡ ಫೀಚರ್ ಬಂತು, 2021ರಲ್ಲಿ, ಪೈಥಾನ್ 3.10ರ ಜೊತೆ. ಅದಕ್ಕೂ ವಿರೋಧ ಕಡಿಮೆ ಇರಲಿಲ್ಲ. ಆದರೆ ತೀರ್ಮಾನದ ಭಾರ ಐದು ಹೆಗಲ ಮೇಲೆ ಹಂಚಿಹೋಗಿತ್ತು.

ಇನ್ನು ನಿಮ್ಮ ಟೀಮಿನ ವಿಷಯ. ನಿಮ್ಮ ಕೋಡ್ ನಾನು ನೋಡಿಲ್ಲ, ಆದರೆ ನಾನು ರಿವ್ಯೂ ಮಾಡುವಾಗ ನೋಡುವುದನ್ನು ಹೇಳುತ್ತೇನೆ. ವಾಲ್ರಸ್ ತೆಗೆದರೆ ಒಂದೇ ಲೆಕ್ಕ ಎರಡು ಕಡೆ ಬರೆಯಬೇಕಾಗುತ್ತದಾ? ಆಗುತ್ತದೆ ಅಂದರೆ ಇರಲಿ ಅನ್ನುತ್ತೇನೆ. ಅದು ಶರತ್ತಿನ ಶುರುವಿನಲ್ಲೇ ಕಾಣುವಂತೆ ಇದೆಯಾ? ಸರಿ. ಎರಡು 'ಆ್ಯಂಡ್' ದಾಟಿ ಮೂರನೆಯ ಬ್ರಾಕೆಟ್ ಒಳಗೆ ಕೂತಿದೆಯಾ? ತೆಗೆದು ಮೇಲೆ ಒಂದು ಸಾಲು ಬರೆಯಿರಿ ಅನ್ನುತ್ತೇನೆ. ಸುಮ್ನೆ ಒಂದು ಸಾಲು ಉಳಿಯಿತು ಅನ್ನುವುದು ನನಗೆ ಕಾರಣವೇ ಅಲ್ಲ. ಟೀಮಿನಲ್ಲಿ ಒಮ್ಮೆ ಎಲ್ಲರೂ ಕೂತು ಇದನ್ನು ಬರೆದಿಟ್ಟುಕೊಂಡರೆ ಒಳ್ಳೆಯದು. ಪ್ರತಿ ರಿವ್ಯೂನಲ್ಲೂ ಅದೇ ವಾದ ಮತ್ತೆ ಶುರುವಾದರೆ ಕೆಲಸ ನಿಲ್ಲುತ್ತದೆ, ಜನ ಮುಖ ತಿರುಗಿಸುತ್ತಾರೆ. ಹೊಸಬರ ಕೋಡಿನ ಮೇಲೆ ಹಳಬರು ತಮ್ಮ ತಮ್ಮ ಹಳೆಯ ಜಗಳ ತೀರಿಸಿಕೊಂಡಂತೆ ಆಗುತ್ತದೆ. ನಿಮ್ಮ ವಿಷಯದಲ್ಲಿ ಆಗಿದ್ದೂ ಅದೇ ಇರಬಹುದು.

ಆ ಸೀನಿಯರ್ ಹತ್ತಿರ ಹೋಗಿ, ವಾದಕ್ಕಲ್ಲ, "ಸರ್, ಹಿಂದೆ ಎಲ್ಲಾದರೂ ಇದರಿಂದ ಪೆಟ್ಟು ತಿಂದಿದ್ರಾ?" ಅಂತ ಕೇಳಿ. ಸಿ ಭಾಷೆಯ ಕಾಲದ್ದೋ, ಪೈಥಾನ್ 2ರಿಂದ 3ಕ್ಕೆ ದಾಟಿದಾಗಿನದ್ದೋ ಒಂದು ಕಥೆ ಸಿಕ್ಕೇ ಸಿಗುತ್ತದೆ. ಆಮೇಲೆ ಇಬ್ಬರೂ ಟಿಮ್ ಪೀಟರ್ಸ್ ಬರೆದ ಆ ಅನುಬಂಧ ತೆರೆಯಿರಿ. ಎರಡು ಪುಟದಷ್ಟು ಇದೆ. ಅವರು ಬೇಡ ಎಂದು ಬಿಟ್ಟ ಉದಾಹರಣೆಗಳೂ ಅಲ್ಲಿವೆ, ಬೇಕು ಅಂದವೂ ಇವೆ. ನಿಮ್ಮ ಕೋಡನ್ನು ಪಕ್ಕದಲ್ಲಿಟ್ಟುಕೊಂಡು ಅದು ಯಾವುದರ ಹತ್ತಿರ ಬರುತ್ತದೆ ಅಂತ ಇಬ್ಬರೂ ಸೇರಿ ನೋಡಿ.